ಟ್ರೆಡ್‌ಮಿಲ್ಲಿಗೆ ನೀಲಿ ಮಣಿ

ಅಲೆಕ್ಸಾಂಡ್ರಿಯಾದ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಎಲ್ಲರೂ ಗೌರವಕ್ಕೆ ಉಸ್ತಾದ್ ಎಂದು ಕರೆಯುವ ಫಿಕ್ರಿಯವರು ಎಷ್ಟು ಜನರನ್ನು ಓಡಿಸಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ‘ಕೈರೋ ಗಾಡಿ ಆ ಕೊನೇ ಪ್ಲಾಟ್‌ಫಾರ್ಮು, ಹೊರಟೇಬಿಡ್ತು, ಓಡಿ’ ಎಂದು ಅವರು ಕಿಟಕಿಯಲ್ಲಿ ಮುಖ ತೂರಿಸಿ ಹೇಳಿದರೆ ಸಾಕು, ಮುದುಕರು, ಮಕ್ಕಳೊಂದಿಗರು, ಗಂಟುಮೂಟೆ ಹೊತ್ತವರು, ಎದೆಯ ತುಂಬ ಪದಕ ಹಾಕಿಕೊಂಡ ಸೇನಾಧಿಕಾರಿಗಳು ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಓಡುತ್ತಿದ್ದರು. ತಾವು ಮಾತ್ರ ಒಂದು ದಿನವೂ ಓಡಿದವರಲ್ಲ. ಓಡುವವರನ್ನು ನೋಡುತ್ತ ನೋಡುತ್ತ ಕಿಟಕಿಯ ಈಚೆ ಅವರ ಹೊಟ್ಟೆ ಮೆಲ್ಲಗೆ ಬೆಳೆದು ಮೇಜಿನ ಅಂಚನ್ನು ಮುಟ್ಟಿತು. ಆಮೇಲೆ ಮೇಜನ್ನೇ ಸ್ವಲ್ಪ ಮುಂದಕ್ಕೆ ಸರಿಸಬೇಕಾಯಿತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ, ದಿನಾ ಅರ್ಧ ಗಂಟೆ ನಡೆಯದಿದ್ದರೆ ಕಷ್ಟ ಎಂದರು. ಫಿಕ್ರಿಯವರು ಆಜ್ಞಾಧಾರಕರು. ಮರುದಿನವೇ ಸಂಜೆ ಕಡಲ ದಂಡೆಯ ರಸ್ತೆಗೆ ಹೊರಟರು. ಆದರೆ ಆ ಊರಲ್ಲಿ ಪರಿಚಯದವನೊಬ್ಬ ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುವಾಗ ಬರಿಯ ಸಲಾಂ ಹೇಳಿ ಮುಂದೆ ಹೋಗುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಮೊದಲು ಸಿಕ್ಕಿದವನು ಸುಟ್ಟ ಜೋಳ ಕೊಡಿಸಿದ. ಎರಡನೆಯವನು ಚಹಾ ತರಿಸಿ ಗ್ಲಾಸಿನ ಅರ್ಧದವರೆಗೆ ಸಕ್ಕರೆ ಸುರಿದ. ಮೂರನೆಯವನ ಮಗ ಪರೀಕ್ಷೆಯಲ್ಲಿ ಪಾಸಾಗಿದ್ದ, ಹಾಗಾಗಿ ಮಾವಿನ ಐಸ್‌ಕ್ರೀಮು ತಿನ್ನಲೇಬೇಕಾಯಿತು. ಹೀಗೆ ಕೆಲವು ವಾರ ಶ್ರದ್ಧೆಯಿಂದ ವಾಕಿಂಗು ಮಾಡಿದ ಮೇಲೆ ಫಿಕ್ರಿಯವರ ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು, ಅದೂ ತುದಿಯ ಕಡೆಗೆ.

ಇದು ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರ ಒಬ್ಬಳೇ ಮಗಳು ರಾದ್ವಾಳಿಗೆ ಆ ವಸಂತದಲ್ಲಿ ನಿಶ್ಚಿತಾರ್ಥವಾಯಿತು. ಹುಡುಗ ಹಾತೆಮ್ ಬಂದರಿನ ಕಚೇರಿಯಲ್ಲಿದ್ದ, ತಲೆ ತಗ್ಗಿಸಿ ನಡೆಯುವ ಸಾಧು. ಅವನ ಅಪ್ಪ ದಮನ್‌ಹೂರಿನ ಹಾಜಿ ಬಹಗತ್ ಮಾತ್ರ ಹಾಗಲ್ಲ. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ನಿಶ್ಚಿತಾರ್ಥಕ್ಕೂ ಕೋಟಿನ ಕೆಳಗೆ ಓಟದ ಬೂಟು ಹಾಕಿಕೊಂಡು ಬಂದಿದ್ದರು. ಶರಬತ್ತು ಹಂಚಿ, ಉಂಗುರ ತೊಡಿಸಿ, ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕುತ್ತಿದ್ದ ಶುಭ ಗಳಿಗೆಯಲ್ಲಿ ಹಾಜಿಗಳು ಎಲ್ಲರೆದುರಿಗೆ ಫಿಕ್ರಿಯವರ ಹೊಟ್ಟೆಯನ್ನು ಎರಡು ಸಲ ತಟ್ಟಿದರು.

‘ಏನ್ ಬೀಗ್ರೇ, ಮಗು ಈ ಹುಡುಗ ಹುಡುಗಿ ಕಡೆಯಿಂದ ಬರುತ್ತೆ ಅಂತ ನಾವು ಕಾಯ್ತಾ ಇದ್ರೆ, ನೀವೇ ಮೊದಲು ಕೊಡೋ ಹಾಗಿದೆಯಲ್ಲ.’

ನೆಂಟರಿಷ್ಟರು ನಕ್ಕರು. ಫಿಕ್ರಿಯವರ ಹೆಂಡತಿ ಇನ್ಸಾಫ್ ಕೂಡ, ಬೇಕೆಂದಲ್ಲ, ನಕ್ಕುಬಿಟ್ಟರು. ಇಡೀ ಆಯುಷ್ಯ ಪರರಿಗೆ ನಿಜವಾದ ಮಾಹಿತಿಯನ್ನೇ ಕೊಟ್ಟಿದ್ದ ಫಿಕ್ರಿಯವರ ಬಾಯಿಂದ ಆಗ ಮೊತ್ತಮೊದಲ ತಪ್ಪು ಮಾಹಿತಿ ಹೊರಬಿತ್ತು.

‘ಇದು ಮೊದಲಿನ ಹೊಟ್ಟೆಯ ಅರ್ಧ ಬೀಗ್ರೇ. ನಾನು ದಿನಾ ಓಡ್ತೀನಿ. ಮನೇಲೇ, ಟ್ರೆಡ್‌ಮಿಲ್ ಮೇಲೆ.’

ಹಾಜಿಗಳ ಕಣ್ಣು ಅರಳಿತು. ಓಡುವವನೊಬ್ಬ ಸಿಕ್ಕ ಸಂತೋಷಕ್ಕೆ ಫಿಕ್ರಿಯವರನ್ನು ತಬ್ಬಿಕೊಂಡರು. ಬೇಸಿಗೆಯ ಕೊನೆಗೆ ಮದುವೆ, ಅದಕ್ಕೆ ಮುಂಚೆ ಒಂದು ಸಲ ತಾನು ಬಂದು ಆ ಯಂತ್ರವನ್ನೂ ಬೀಗರ ಓಟವನ್ನೂ ನೋಡಿಯೇ ತೀರುವೆನೆಂದು ಘೋಷಿಸಿದರು. ಹೀಗೆ ಮನೆಯಲ್ಲಿಲ್ಲದ ಒಂದು ಯಂತ್ರದ ಮೇಲೆ ಫಿಕ್ರಿಯವರ ಮಾನ ಹತ್ತಿ ಕೂತಿತು.

ಅಂಗಡಿಗೆ ಗಂಡಹೆಂಡಿರಿಬ್ಬರೂ ಹೋದರು. ಅಲ್ಲಿ ಟ್ರೆಡ್‌ಮಿಲ್ಲುಗಳು ಸಾಲಾಗಿ ನಿಂತಿದ್ದವು. ಮಾರುವ ಯುವಕ ಅಪರೂಪಕ್ಕೆ ಪ್ರಾಮಾಣಿಕ. ಅವನು ಫಿಕ್ರಿಯವರನ್ನು ಮೇಲಿಂದ ಕೆಳಗೆ ನೋಡಿ, ನಡೆಯುವುದಕ್ಕೋ ಓಡುವುದಕ್ಕೋ ಎಂದು ಕೇಳಿದ. ನಡೆಯುವುದಕ್ಕಾದರೆ ಚಿಕ್ಕ ಮೋಟಾರು ಸಾಕು, ಪಟ್ಟಿ ಗಿಡ್ಡವಿದ್ದರೂ ನಡೆಯುತ್ತದೆ, ಸದ್ದಿಲ್ಲ, ಕೆಲಸವಾದ ಮೇಲೆ ಸೋಫಾದ ಕೆಳಗೆ ತಳ್ಳಬಹುದು ಎಂದ. ಓಡುವುದಕ್ಕಾದರೆ ದೊಡ್ಡ ಮೋಟಾರು ಬೇಕು, ಕಾಲು ಚಾಚಲು ಉದ್ದ ಅಗಲದ ಪಟ್ಟಿ ಬೇಕು, ಮಂಡಿಗೆ ಪೆಟ್ಟಾಗದಂತೆ ಕೆಳಗೆ ಮೆತ್ತನೆಯ ಹಾಸು ಬೇಕು, ಕೈ ಹಿಡಿಯಲು ಗಟ್ಟಿ ಕಂಬಿ ಬೇಕು. ಎಷ್ಟು ತೂಕದವರೆಗೆ ತಡೆಯುತ್ತದೆ ಎಂಬುದನ್ನೂ ನೋಡಬೇಕು ಎನ್ನುವಾಗ ಮಾತ್ರ ಅವನು ಸೌಜನ್ಯದಿಂದ ಬೇರೆ ಕಡೆ ನೋಡಿದ.

‘ನಿಮಗೆ ನಡೆಯೋದೇ ಸರಿ ಉಸ್ತಾದ್,’ ಎಂದ.

ಇನ್ಸಾಫ್ ತಕ್ಷಣ ಒಪ್ಪಿದರು. ಅವರ ಯೋಚನೆ ಜಾಗದ್ದು. ರಾದ್ವಾಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಪಾತ್ರೆ, ಕಂಬಳಿ, ಮಿಕ್ಸರು, ತೊಳೆಯುವ ಯಂತ್ರ, ಗಾಜಿನ ಸಾಮಾನು ಎಲ್ಲವೂ ಪೆಟ್ಟಿಗೆಗಳಲ್ಲಿ ನಡುಮನೆಯನ್ನು ಚಾವಣಿಯವರೆಗೆ ತುಂಬಿಕೊಂಡಿದ್ದವು. ಬಂದವರು ಪೆಟ್ಟಿಗೆಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಹೋಗಿ ಕೂರಬೇಕಾಗಿತ್ತು. ಸೋಫಾದ ಕೆಳಗೆ ಹೋಗುವ ಯಂತ್ರವೆಂದರೆ ಇನ್ಸಾಫರಿಗೆ ಬಂಗಾರ. ಆದರೆ ಫಿಕ್ರಿಯವರು ಬೀಗರ ಎದುರಿಗೆ ‘ಓಡ್ತೀನಿ’ ಎಂದಾಗಿತ್ತು. ನಡೆಯುವ ಯಂತ್ರದ ಮೇಲೆ ಓಡಿ ತೋರಿಸಲಾಗುವುದಿಲ್ಲ. ಅವರು ಎದೆ ಸೆಟೆಸಿ, ಇಡೀ ಅಂಗಡಿಯಲ್ಲೇ ಭಾರಿಯಾದ ಓಡುವ ಯಂತ್ರದ ಕಡೆ ಬೆರಳು ತೋರಿಸಿದರು. ಯುವಕ ಗುಂಡಿಗಳನ್ನು ವಿವರಿಸಿ, ಕೊನೆಗೆ ದಾರ ಕಟ್ಟಿದ ಕೆಂಪು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತೋರಿಸಿ ಇದು ಅಪಾಯದಿಂದ ಕಾಪಾಡುತ್ತದೆ ಎಂದು ಏನೇನೋ ಹೇಳಿದ. ಅಷ್ಟರಲ್ಲಿ ಫಿಕ್ರಿಯವರು ಕನ್ನಡಿಯಲ್ಲಿ ತಮ್ಮನ್ನು ಪಕ್ಕದಿಂದ ನೋಡಿಕೊಳ್ಳುತ್ತಿದ್ದುದರಿಂದ ಆ ಮಾತು ಇನ್ಸಾಫರ ಕಿವಿಗಷ್ಟೇ ಬಿತ್ತು.

ಯಂತ್ರವನ್ನು ಮನೆಗೆ ತರುವುದು ಬೇರೆಯೇ ಚಿಂತೆ. ಅದು ಲಿಫ್ಟಿಗೆ ಹಿಡಿಯುವುದಿಲ್ಲ, ಐದನೇ ಮಹಡಿಗೆ ಮೆಟ್ಟಿಲ ಮೇಲೇ ಹೊರಬೇಕು. ಅಂದರೆ ಇಡೀ ಕಟ್ಟಡ ನೋಡುತ್ತದೆ. ನೋಡಿದರೆ ದೃಷ್ಟಿಯಾಗುತ್ತದೆ. ಈ ವಿಷಯದಲ್ಲಿ ಇನ್ಸಾಫರದು ಸ್ವಂತ ಅನುಭವ. ಹಿಂದೊಮ್ಮೆ ಹೊಸ ಫ್ರಿಜ್ಜು ತಂದಾಗ ನಾಲ್ಕನೇ ಮಹಡಿಯ ಅತಿಯಾತ್ ಬಾಗಿಲಲ್ಲಿ ನಿಂತು ‘ಅಬ್ಬಾ, ಎಷ್ಟು ದೊಡ್ಡದು’ ಎಂದಿದ್ದರು, ದೃಷ್ಟಿ ತಾಗದಿರಲೆಂದು ಜೊತೆಗೆ ಹೇಳಬೇಕಾದ ಮಾಷಾ ಅಲ್ಲಾ ಅಂದಿರಲಿಲ್ಲ. ಮರುದಿನ ಅದರ ಮೋಟಾರು ಸುಟ್ಟುಹೋಯಿತು. ಅದಾದ ಮೇಲೆ ಆ ಮನೆಗೆ ಹೊಸದಾಗಿ ಏನೇ ಬಂದರೂ ಹಳೆಯದೆಂದೋ ಬೇರೆಯವರದೆಂದೋ ಹೇಳಿಯೇ ಒಳಗೆ ತರುತ್ತಿದ್ದರು.

ಆ ದಿನ ಹಮಾಲಿಗಳು ‘ಯಾ ರಬ್ಬ್’ ಎಂದು ದೇವರನ್ನು ಕೂಗುತ್ತ ಪೆಟ್ಟಿಗೆ ಹೊತ್ತು ಹತ್ತುತ್ತಿದ್ದರು. ಹಿಂದೆ ಫಿಕ್ರಿಯವರು ಬರಿಗೈಯಲ್ಲೇ ಅವರಿಗಿಂತ ಹೆಚ್ಚು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಮೂರನೇ ಮಹಡಿಯ ತಿರುವಿನಲ್ಲಿ ಕಟ್ಟಡದ ಕಾವಲುಗಾರ ಸಾಬೆರ್ ಎದುರಾಗಿ, ಇದೇನು ಉಸ್ತಾದ್ರೇ ಇಷ್ಟು ದೊಡ್ಡದು ಎಂದು ಕೇಳಿದ. ಮೇಲೆ ಅತಿಯಾತ್ ಅವರ ಬಾಗಿಲು ಕಿರ್ ಎಂದಿತು. ಫಿಕ್ರಿಯವರು ಯಾರೂ ಹೊಟ್ಟೆಕಿಚ್ಚುಪಡಲಾಗದ ಒಂದು ವಸ್ತುವಿಗಾಗಿ ತಲೆಯಲ್ಲೆಲ್ಲ ಹುಡುಕಾಡಿದರು.

‘ಆಸ್ಪತ್ರೆ ಮಂಚ,’ ಎಂದರು.

‘ಅಯ್ಯೋ ದೇವ್ರೇ. ಯಾರಿಗೆ?’

ಮನೆಯಲ್ಲಿ ಇದ್ದವರು ಮೂವರು. ಮಗಳು ಮದುವೆಯಾಗುವವಳು, ಅವಳ ಹೆಸರು ಹೇಳುವಂತಿಲ್ಲ. ಹೆಂಡತಿಯ ಹೆಸರು ಹೇಳಿದರೆ ಹೆಂಡತಿ ಬಿಡುವುದಿಲ್ಲ.

‘ನನಗೇ,’ ಎಂದು ಫಿಕ್ರಿಯವರು ಕಂಬಿ ಹಿಡಿದು ಏದುಸಿರು ಬಿಟ್ಟರು. ಆ ಏದುಸಿರು ಎಷ್ಟು ನೈಜವಾಗಿತ್ತೆಂದರೆ ಸಾಬೆರ್ ಕಣ್ಣೊರೆಸಿಕೊಂಡು ಅವರ ತೋಳು ಹಿಡಿದು ಮೇಲಿನವರೆಗೂ ಹತ್ತಿಸಿದ.

ಯಂತ್ರ ಪೆಟ್ಟಿಗೆಗಳ ನಡುವೆ ಕಿಟಕಿಯ ಹತ್ತಿರ ನಿಂತಿತು. ಇನ್ಸಾಫ್ ಅದಕ್ಕೆ ಹೂವಿನ ಚಿತ್ರದ ಹಾಸಿಗೆ ಬಟ್ಟೆ ಹೊದಿಸಿ, ದೃಷ್ಟಿ ತಾಗದಿರಲೆಂದು ತಮ್ಮ ಅಜ್ಜಿಯ ಕಾಲದ ನೀಲಿ ಮಣಿಯನ್ನು ಅದರ ಹಣೆಗೆ ಕಟ್ಟಲು ಜಾಗ ಹುಡುಕಿದರು. ಆಗ ಕೆಂಪು ಬಿಲ್ಲೆ ಕಣ್ಣಿಗೆ ಬಿತ್ತು. ಅಪಾಯದಿಂದ ಕಾಪಾಡಲಿಕ್ಕೆ ಅಂಗಡಿಯವರು ಕೊಟ್ಟ ತಾಯತ ಇದು. ಪ್ಲಾಸ್ಟಿಕ್ಕಿನ ತಾಯತದಿಂದ ಏನಾಗುತ್ತದೆ, ಪರದೇಶದವರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದುಕೊಂಡು ಅದನ್ನು ಕಿತ್ತು, ಅದೇ ಜಾಗದಲ್ಲಿ ನೀಲಿ ಮಣಿ ಸಿಕ್ಕಿಸಿದರು. ಏನನ್ನೂ ಎಸೆಯುವ ಅಭ್ಯಾಸ ಅವರಿಗಿಲ್ಲ. ಬಿಲ್ಲೆ ಹೋಗಿ ಗುಂಡಿ ಮತ್ತು ಸೂಜಿದಾರದ ಬಿಸ್ಕತ್ತು ಡಬ್ಬಿ ಸೇರಿತು.

ಅಂದು ಸಂಜೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿತು. ಸೂರ್ಯ ಮುಳುಗುವ ಮುಂಚೆ ಮೊದಲು ಬಾಗಿಲು ತಟ್ಟಿದವರು ಅತಿಯಾತ್. ಕೈಯಲ್ಲಿ ಕೋಳಿ ಸಾರಿನ ಪಾತ್ರೆ, ಅದರ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಅಕ್ಕಿ ತುಂಬಿ ಹುರಿದ ಪಾರಿವಾಳಗಳು. ಇನ್ಸಾಫ್ ಓಡಿಬಂದು ಗಂಡನ ಅಂಗಿ ಕಳಚಿ, ಪೈಜಾಮ ಹಾಕಿಸಿ, ಆ ಸೆಖೆಯಲ್ಲಿ ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿ ಮಂಚದಲ್ಲಿ ಮಲಗಿಸಿದರು. ಆಸ್ಪತ್ರೆ ಮಂಚ ಎಲ್ಲಿ ಎಂದು ಅತಿಯಾತ್ ಕೇಳಿದ್ದಕ್ಕೆ, ಅದು ಕೊನೆಗಾಲಕ್ಕೆ, ಸದ್ಯ ಮುಚ್ಚಿಟ್ಟಿದ್ದೇವೆ ಎಂದು ಇನ್ಸಾಫ್ ಹೇಳಿದರು. ಹೇಳಿದ ಮೇಲೆ ತಾವೇ ತುಟಿ ಕಚ್ಚಿಕೊಂಡರು. ಅತಿಯಾತ್ ಹಾಸಿಗೆಯ ಪಕ್ಕ ಕೂತು, ಕೊನೆಗಾಲದವನಿಗೆ ತಿನ್ನಿಸುವ ಪುಣ್ಯ ತನಗೇ ಇರಲಿ ಎಂಬಂತೆ ಒಂದೊಂದೇ ತುತ್ತು ಬಾಯಿಗಿಟ್ಟರು. ಬೇಡ ಎನ್ನಲು ರೋಗಿಗೆ ಶಕ್ತಿಯಿರಬಾರದು. ಫಿಕ್ರಿಯವರು ಪಾರಿವಾಳಗಳನ್ನು ಮೂಳೆ ಸಮೇತ ಮುಗಿಸಿದರು.

ಮರುದಿನ ಎರಡನೇ ಮಹಡಿಯವರು ಒಲೆಯಲ್ಲಿ ಬೇಯಿಸಿದ ಮೆಕರೋನಿ ತಂದರು. ಆಚೆ ದಿನ ನೆಲಮಹಡಿಯ ದರ್ಜಿ ಕಿತ್ತಳೆ ಬುಟ್ಟಿ ಹೊತ್ತು ಬಂದ. ರೋಗಿ ಕೆಲಸಕ್ಕೆ ಹೋಗುವಂತಿಲ್ಲವಾದ್ದರಿಂದ ಫಿಕ್ರಿಯವರು ರಜೆ ಹಾಕಿದರು, ಆಮೇಲೆ ರೈಲು ನಿಲ್ದಾಣದಿಂದ ಇಡೀ ವಿಚಾರಣೆ ವಿಭಾಗವೇ ಬಂತು. ಬರುವಾಗ ಪೇರಲೆ ರಸದ ಡಬ್ಬಿಗಳನ್ನೂ ರವೆಯ ಸಿಹಿಯನ್ನೂ ತಂದು, ನೀವಿಲ್ಲದೆ ಜನ ತಪ್ಪು ರೈಲು ಹತ್ತುತ್ತಿದ್ದಾರೆ ಎಂದು ಕಣ್ಣೀರು ಹಾಕಿತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವವರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ, ತಂದದ್ದನ್ನು ತಮ್ಮೆದುರಿಗೇ ತಿನ್ನಿಸದೆ ಹೋಗುವವರೂ ಇಲ್ಲ. ಫಿಕ್ರಿಯವರಿಗೆ ಜೀವಮಾನದಲ್ಲಿ ಇಷ್ಟು ಗೌರವ ಸಿಕ್ಕಿರಲಿಲ್ಲ. ಪೈಜಾಮದ ಲಾಡಿ ಮಾತ್ರ ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಬಂತು.

ಹಾಜಿಗಳು ಬರುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಗಿನ ಜಾವ, ಬಾಂಗಿನ ಮೊದಲೇ, ಯಾರೂ ಬರುವುದಿಲ್ಲವೆಂಬ ಧೈರ್ಯದಲ್ಲಿ ಫಿಕ್ರಿಯವರು ಯಂತ್ರದ ಮುಸುಕು ತೆಗೆದು ಹತ್ತಿ ನಿಂತು ಗುಂಡಿ ಒತ್ತಿದರು. ದೀಪ ಹತ್ತಿತು. ಪಟ್ಟಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಇನ್ಸಾಫ್ ಬಂದು ಒತ್ತಿದರು. ಬಿಸ್ಮಿಲ್ಲಾ ಎಂದು ಒತ್ತಿದರು.

‘ನಾನು ಹೇಳ್ಲಿಲ್ವಾ,’ ಎಂದು ಇನ್ಸಾಫ್ ನೆಲಕ್ಕೆ ಕೂತುಬಿಟ್ಟರು. ‘ಮುಸುಕು ಹಾಕಿದ್ರೂ ಬಿಡ್ಲಿಲ್ಲ ಆ ಕೆಳಗಿನ ಮನೆಯವಳ ಕಣ್ಣು. ಪೆಟ್ಟಿಗೆಯೊಳಗೇ ತೂರಿದೆ.’

ಅಂದಿನಿಂದ ಯಂತ್ರಕ್ಕೆ ಧೂಪ ಶುರುವಾಯಿತು. ನೀಲಿ ಮಣಿಯ ಜೊತೆಗೆ ಇನ್ನೊಂದು ನೀಲಿ ಮಣಿ ಬಂತು. ಅಂಗಡಿಗೆ ಫೋನು ಮಾಡುವಂತಿರಲಿಲ್ಲ. ಮಾಡಿದರೆ ಮೆಕ್ಯಾನಿಕ್ ಬರುತ್ತಾನೆ, ಬಂದರೆ ಸಾಬೆರ್ ಬಾಗಿಲಲ್ಲೇ ವಿಚಾರಿಸುತ್ತಾನೆ, ಮಂಚಕ್ಕೆಂಥ ಮೆಕ್ಯಾನಿಕ್ ಎಂಬ ಪ್ರಶ್ನೆ ಏಳುತ್ತದೆ. ಫಿಕ್ರಿಯವರು ದೃಷ್ಟಿ ಇಳಿಯುವವರೆಗೆ ನಿಂತ ಪಟ್ಟಿಯ ಮೇಲೇ ಕಂಬಿ ಹಿಡಿದು, ಇದ್ದಲ್ಲೇ ಕಾಲೆತ್ತಿ ಕುಣಿದು ಅಭ್ಯಾಸ ಮಾಡಲು ನಿರ್ಧರಿಸಿದರು. ದಿನಾ ಮುಂಜಾನೆ ಧಡ್ ಧಡ್ ಧಡ್. ಕೆಳಗಿನ ಮನೆಯಲ್ಲಿ ಅತಿಯಾತ್ ಹಾಸಿಗೆಯಲ್ಲಿ ಎದ್ದು ಕೂತು, ಚಾವಣಿಯಿಂದ ಉದುರುವ ಸುಣ್ಣದ ಪುಡಿಯನ್ನು ನೋಡುತ್ತ, ಅಯ್ಯೋ ಪಾಪ, ಫಿಟ್ಸ್ ಬಂತು ಎಂದು ದೇವರನ್ನು ನೆನೆದರು. ಬೆಳಗಾದ ಮೇಲೆ ಅದನ್ನು ಮೆಟ್ಟಿಲ ಮೇಲೆ ನಾಲ್ಕು ಜನಕ್ಕೆ ಹೇಳಿದರು. ಅದರಲ್ಲೊಬ್ಬರಿಗೆ ಫಿಕ್ರಿಯವರ ತಂದೆಗೂ ಕೈ ನಡುಗುತ್ತಿತ್ತೆಂಬುದು ನೆನಪಾಯಿತು. ತೊಂಬತ್ತು ದಾಟಿದವರ ಕೈ ನಡುಗುವುದು ದೊಡ್ಡ ಸಂಗತಿಯಲ್ಲ. ಆದರೆ ಸಂಜೆಯ ಹೊತ್ತಿಗೆ ಅದು ವಂಶಪಾರಂಪರ್ಯವಾಗಿ ಬಂದ ನಡುಕದ ಕಾಯಿಲೆಯಾಗಿತ್ತು.

ಹಾಜಿ ಬಹಗತ್ ಬಂದದ್ದು ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ. ಮೈಮೇಲೆ ಓಟದ ಉಡುಪು, ಕೈಯಲ್ಲಿ ಬೆವರೊರೆಸುವ ಟವೆಲ್ಲು. ಹಿಂದೆ ಅವರ ಹೆಂಡತಿ ಹಾಜಾ ನಾಹೆದ್ ಬೆಣ್ಣೆಯ ಪದರು ರೊಟ್ಟಿಯ ಗಂಟು ಹಿಡಿದು ಬಂದರು. ಉಸ್ತಾದ್ ಫಿಕ್ರಿ ಮನೆಯಲ್ಲಿದ್ದಾರಾ ಎಂದು ಕೆಳಗೆ ಕೇಳಿದ್ದಕ್ಕೆ ಸಾಬೆರ್ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಇನ್ನೆಲ್ಲಿ ಹೋಗ್ತಾರೆ ಹಾಜಿಗಳೇ, ಹಾಸಿಗೆ ಹಿಡಿದಿದ್ದಾರೆ, ಆಸ್ಪತ್ರೆ ಮಂಚವೂ ಬಂದಾಯಿತು, ದಿನಾ ಮುಂಜಾನೆ ಫಿಟ್ಸ್ ಬರುತ್ತದೆ, ಅಪ್ಪನಿಗೂ ಇದೇ ಇತ್ತಂತೆ ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಕೇಳಿದ್ದನ್ನು ಕೇಳಿದಷ್ಟೇ ಹೇಳಿದ. ಹಾಜಿಗಳು ಐದು ಮಹಡಿಯನ್ನು ಒಂದೇ ಉಸಿರಿನಲ್ಲಿ ಹತ್ತಿದರು. ಹಾಜಾ ನಾಹೆದ್ ಪ್ರತಿ ಮಹಡಿಯಲ್ಲೂ ನಿಂತು, ಪ್ರತಿ ಬಾಗಿಲಿನಲ್ಲೂ ಇನ್ನಷ್ಟು ವಿವರ ಕೇಳಿಕೊಂಡು, ಕೊನೆಯ ಮಹಡಿಗೆ ಅತಿಯಾತರನ್ನೂ ಜೊತೆಗೆ ಕರೆದುಕೊಂಡು ಬಂದರು. ಏನಾಗುತ್ತದೋ ಎಂದು ಸಾಬೆರನೂ ಹಿಂದೆ ಬಂದ.

ಒಳಗೆ ಫಿಕ್ರಿಯವರು ಶಾಲು ಸುತ್ತಿಕೊಂಡು ಮಲಗಿ, ದರ್ಜಿ ತಂದ ಕಿತ್ತಳೆ ಸುಲಿಯುತ್ತಿದ್ದರು. ಹಾಜಿಗಳನ್ನು ಓಟದ ಉಡುಪಿನಲ್ಲಿ ಕಂಡು ಅವರ ಜೀವ ಬಾಯಿಗೆ ಬಂತು. ಅತಿಯಾತರು ಎದುರಿಗಿದ್ದಾರೆ, ಓಡುತ್ತೇನೆ ಎನ್ನುವಂತಿಲ್ಲ. ಬೀಗರು ಎದುರಿಗಿದ್ದಾರೆ, ರೋಗಿ ಎನ್ನುವಂತಿಲ್ಲ. ಅವರು ಮಧ್ಯಮ ಮಾರ್ಗವಾಗಿ ಒಮ್ಮೆ ನರಳಿ ಒಮ್ಮೆ ನಕ್ಕರು. ಅದನ್ನು ನೋಡಿದ ಹಾಜಾ ನಾಹೆದ್ ಎರಡು ಹೆಜ್ಜೆ ಹಿಂದೆ ಸರಿದರು.

ಹಾಜಿಗಳು ಕುರ್ಚಿ ಎಳೆದು ಕೂತರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

‘ಬೀಗ್ರೇ, ಕಾಯಿಲೆ ಯಾರಿಗಾದ್ರೂ ಬರುತ್ತೆ, ಅದಕ್ಕೆ ನಾಚಿಕೆ ಇಲ್ಲ. ಆದ್ರೆ ದಿನಾ ಓಡ್ತೀನಿ ಅಂತ ನನ್ನ ಮುಖಕ್ಕೇ ಹೇಳಿದ್ರಿ. ವಂಶದ ಕಾಯಿಲೆ ಮುಚ್ಚಿಟ್ಟು ಹೆಣ್ಣು ಕೊಡೋದು ಸರೀನಾ, ನೀವೇ ಹೇಳಿ.’

‘ನಾಳೆ ಮಕ್ಕಳಾಗ್ಬೇಕು,’ ಎಂದು ಹಾಜಾ ನಾಹೆದ್ ಗೋಡೆಯ ಕಡೆ ನೋಡುತ್ತ ಹೇಳಿದರು. ‘ನಾವೂ ಸ್ವಲ್ಪ ಯೋಚನೆ ಮಾಡ್ಬೇಕಾಗುತ್ತೆ.’

ಅದೇ ಹೊತ್ತಿಗೆ ರಾದ್ವಾ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಮಾತು ಅವಳ ಕಿವಿಗೆ ಬಿತ್ತು. ತಟ್ಟೆಯಲ್ಲಿದ್ದ ಕಪ್ಪುಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನತೊಡಗಿದವು. ನೋಡಿ, ಅವಳಿಗೂ ಶುರುವಾಗಿದೆ ಎಂದು ಅತಿಯಾತ್ ಎದೆಯ ಮೇಲೆ ಕೈ ಇಟ್ಟುಕೊಂಡರು. ರಾದ್ವಾ ಅಪ್ಪನ ಮುಖ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು. ಫಿಕ್ರಿಯವರಿಗೆ ಅಷ್ಟು ದಿನ ತಿಂದ ಪಾರಿವಾಳ, ಮೆಕರೋನಿ ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದಂತಾಯಿತು. ಎರಡು ಸುಳ್ಳು ತಮ್ಮವು, ಕಣ್ಣೀರು ಅವಳದ್ದು. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಶಾಲು ಕಿತ್ತೆಸೆದು ಮಂಚದಿಂದ ಧುಮುಕಿದರು.

‘ಆಸ್ಪತ್ರೆ ಮಂಚವೂ ಇಲ್ಲ, ಕಾಯಿಲೆಯೂ ಇಲ್ಲ. ಎಲ್ಲಾ ನನ್ನ ಬಾಯಿಯ ಕೆಲಸ. ಬನ್ನಿ ಎಲ್ರೂ.’

ಕಿತ್ತಳೆ ಸಿಪ್ಪೆಗಳನ್ನು ತುಳಿಯುತ್ತ ನಡುಮನೆಗೆ ಹೋಗಿ, ಪೆಟ್ಟಿಗೆಗಳ ಸಂದಿಯಲ್ಲಿ ತೂರಿ, ಮುಸುಕನ್ನು ಸರಕ್ಕನೆ ಎಳೆದರು. ನೀಲಿ ಮಣಿಗಳನ್ನು ತೊಟ್ಟು ಯಂತ್ರ ಫಳಫಳ ಹೊಳೆಯಿತು. ಅತಿಯಾತ್ ಬಾಯಿ ತೆರೆದರು. ಮಾಷಾ ಅಲ್ಲಾ ಅನ್ನಿ ಅತಿಯಾತಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಮಾಷಾ ಅಲ್ಲಾ ಅನ್ನಿ ಎಂದು ಇನ್ಸಾಫ್ ಗೋಗರೆದರು. ಅತಿಯಾತ್ ಅಂದರು. ಫಿಕ್ರಿಯವರು ಹತ್ತಿ ನಿಂತು, ದೇವರ ಹೆಸರು ಹೇಳಿ ಗುಂಡಿ ಒತ್ತಿದರು.

ಯಂತ್ರ ಅಲುಗಲಿಲ್ಲ.

ಹಾಜಿಗಳು ನಿಟ್ಟುಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಹಾಜಾ ನಾಹೆದ್ ಕೈಚೀಲವನ್ನು ಹೆಗಲಿಗೇರಿಸಿದರು. ಮದುವೆ ಮೆಟ್ಟಿಲಿಳಿದು ಹೋಗುವುದಕ್ಕೆ ಇನ್ನು ಎರಡು ಹೆಜ್ಜೆ ಬಾಕಿ ಇತ್ತು. ರಾದ್ವಾ ಕಾಫಿ ತಟ್ಟೆಯನ್ನು ಮಿಕ್ಸರಿನ ಪೆಟ್ಟಿಗೆಯ ಮೇಲಿಟ್ಟು ಯಂತ್ರದ ಬಳಿ ಬಗ್ಗಿದಳು.

‘ಅಮ್ಮಾ, ಈ ಮಣಿ ಸಿಕ್ಕಿಸಿದ ಜಾಗದಲ್ಲಿ ಏನಿತ್ತು?’

‘ಏನೂ ಇರ್ಲಿಲ್ಲ. ಕೆಂಪು ತಾಯತ ಒಂದಿತ್ತು, ಪ್ಲಾಸ್ಟಿಕ್ಕಿಂದು. ತೆಗೆದು ಡಬ್ಬಿಗೆ ಹಾಕ್ದೆ.’

ಡಬ್ಬಿ ಬಂತು. ಗುಂಡಿಗಳ ನಡುವೆ ಬಿಲ್ಲೆ ಸಿಕ್ಕಿತು. ಹಾಜಿಗಳು ಅದನ್ನು ಕೈಗೆ ತೆಗೆದುಕೊಂಡು ನೋಡಿ, ತಮ್ಮ ಹಳೆಯ ಶಾಲೆಯ ವ್ಯಾಯಾಮಶಾಲೆಯಲ್ಲೂ ಇಂಥದೊಂದು ಇತ್ತೆಂದರು. ಬಿಲ್ಲೆ ಜಾಗದಲ್ಲಿದ್ದರಷ್ಟೇ ಯಂತ್ರ ಚಾಲೂ ಆಗುವುದು, ದಾರದ ಕೊಂಡಿಯನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು, ಮನುಷ್ಯ ಬಿದ್ದರೆ ಬಿಲ್ಲೆ ಕಿತ್ತು ಬಂದು ಯಂತ್ರ ನಿಲ್ಲುತ್ತದೆ ಎಂದು ವಿವರಿಸಿದರು. ಕೇಳುತ್ತ ಕೇಳುತ್ತ ಅತಿಯಾತ್ ಇನ್ಸಾಫರ ಕಡೆ ಒಂದು ನೋಟ ಬೀರಿದರು. ಇಷ್ಟು ವರ್ಷಗಳ ಫ್ರಿಜ್ಜಿನ ಅಪವಾದಕ್ಕೆ ಆ ಒಂದು ನೋಟದಲ್ಲೇ ಉತ್ತರವಿತ್ತು.

ಫಿಕ್ರಿಯವರು ಕೊಂಡಿಯನ್ನು ಪೈಜಾಮಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರು. ಪಟ್ಟಿ ಜರುಗಿತು. ನಡೆದರು. ಹಾಜಿಗಳೊಳಗಿನ ಡ್ರಿಲ್ ಮೇಷ್ಟ್ರ ರಕ್ತ ಕುದಿಯಿತು. ವೇಗ ಹೆಚ್ಚಿಸಿ, ಮಂಡಿ ಎತ್ತಿ, ಎದೆ ಮುಂದೆ ಎಂದು ಗದರಿಸತೊಡಗಿದರು. ಫಿಕ್ರಿಯವರು ಓಡಿದರು. ಇಷ್ಟು ವರ್ಷ ತಮ್ಮ ಕಿಟಕಿಯ ಮುಂದೆ ಓಡಿದ ಸಮಸ್ತ ಪ್ರಯಾಣಿಕರ ಪರವಾಗಿ ಓಡಿದರು. ಮುಖ ಟೊಮೆಟೊ ಆಯಿತು, ಹೊಟ್ಟೆ ಮೇಲೆ ಕೆಳಗೆ ಕುಣಿಯಿತು, ಗಾಜಿನ ಸಾಮಾನಿನ ಪೆಟ್ಟಿಗೆಗಳು ಗಲಗಲ ಎಂದವು. ಸಾಬೆರ್ ಚಪ್ಪಾಳೆ ತಟ್ಟತೊಡಗಿದ. ರಾದ್ವಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವಳು ನಗುವವರೆಗೂ ನಿಲ್ಲಬಾರದು ಎಂದುಕೊಂಡಿದ್ದ ಫಿಕ್ರಿಯವರು, ನಕ್ಕ ಮೇಲೆ ನಿಲ್ಲಿಸುವ ಗುಂಡಿ ಯಾವುದೆಂದು ಗೊತ್ತಿಲ್ಲದೆ ಓಡುತ್ತಲೇ ಇದ್ದರು.

ಕಾಪಾಡಿದ್ದು ಪೈಜಾಮ. ರೋಗಿಯಾಗಿ ತಿಂದದ್ದರ ಫಲವಾಗಿ ಲಾಡಿ ಆಗಲೇ ಕೊನೆಯ ಹಂತದಲ್ಲಿತ್ತು. ಅದು ಫಟ್ ಎಂದು ಹರಿದು ಪೈಜಾಮ ಇಳಿಯಲು ಅನುವಾಯಿತು. ಅದರ ಜೊತೆ ಕೊಂಡಿ ಇಳಿಯಿತು, ದಾರ ಎಳೆಯಿತು, ಬಿಲ್ಲೆ ಕಿತ್ತು ಬಂತು, ಯಂತ್ರ ನಿಂತಿತು. ಫಿಕ್ರಿಯವರು ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು ಉಳಿದರು. ಅಂಗಡಿಯವನು ಅಪಾಯದಿಂದ ಕಾಪಾಡುತ್ತದೆ ಎಂದದ್ದು ಸುಳ್ಳಾಗಲಿಲ್ಲ.

ಹಾಜಿಗಳು ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದರು.

‘ಈ ಹೊಟ್ಟೆ ಹೊತ್ತು ಇಷ್ಟು ಓಡಿದ್ರಲ್ಲ ಬೀಗ್ರೇ, ನಿಮ್ಮದು ಹೃದಯ ಅಲ್ಲ, ರೈಲಿನ ಇಂಜಿನ್ನು. ಇಂಥ ವಂಶ ನಮಗೆ ಬೇಕು.’

ಮನೆ ಹಗುರಾಯಿತು. ಇನ್ಸಾಫ್ ಹರ್ಷದ ಕೂಗು ಹಾಕಿದರು, ಅತಿಯಾತ್ ಅದಕ್ಕಿಂತ ಜೋರಾಗಿ ಹಾಕಿದರು. ತಣ್ಣಗಾದ ಕಾಫಿಯನ್ನು ಎಲ್ಲರೂ ಬಿಸಿಯಾಗಿದೆ ಎಂಬಂತೆ ಕುಡಿದರು. ಹಾಜಾ ನಾಹೆದ್ ಮಾತ್ರ ಕಪ್ಪು ಹಿಡಿದುಕೊಂಡು ಯಂತ್ರದ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದರು. ಕಂಬಿ ಸವರಿದರು, ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಆ ಕಡೆ ತೊಳೆಯುವ ಯಂತ್ರದ ಪೆಟ್ಟಿಗೆ, ಈ ಕಡೆ ಕಂಬಳಿಗಳ ಪೆಟ್ಟಿಗೆ, ನಡುವೆ ಇದು.

‘ದಮನ್‌ಹೂರಲ್ಲಿ ಯಾವ ಸೊಸೆಯೂ ಇಂಥದ್ದು ತಂದಿಲ್ಲ ಕಣಮ್ಮ ರಾದ್ವಾ,’ ಎಂದರು. ‘ಎಲ್ಲರೂ ಫ್ರಿಜ್ಜು, ಒಲೆ ಅಂತಾರೆ. ನಿಮ್ಮಪ್ಪ ಅಳಿಯನ ಆರೋಗ್ಯದ ತನಕ ಯೋಚನೆ ಮಾಡಿದ್ದಾರೆ. ಎಷ್ಟು ಚೆನ್ನಾಗಿದೆ.’

ಮಾಷಾ ಅಲ್ಲಾ ಅನ್ನಲಿಲ್ಲ.

ಇನ್ಸಾಫ್ ಗಂಡನ ಮುಖ ನೋಡಿದರು. ಅತಿಯಾತ್ ಇನ್ಸಾಫರ ಮುಖ ನೋಡಿದರು. ಫಿಕ್ರಿಯವರು ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು, ಇನ್ನೊಂದು ಕೈಯನ್ನು ಯಂತ್ರದ ಕಂಬಿಯ ಮೇಲಿಟ್ಟಿದ್ದರು. ಅದು ತಮ್ಮದೆಂದು ಹೇಳಿದರೆ ನಿಜವಾಗುತ್ತಿತ್ತು. ಆದರೆ ಅಂದಿನ ಪಾಲಿನ ನಿಜವನ್ನು ಅವರು ಆಗಲೇ ಹೇಳಿ ಮುಗಿಸಿದ್ದರು. ಮೆಲ್ಲಗೆ ಕಂಬಿಯ ಮೇಲಿನ ಕೈ ತೆಗೆದರು.

‘ಅವಳಿಗಂತಲೇ ತಂದದ್ದು ಬೀಗಿತ್ತಿಯವರೇ.’

ಬೇಸಿಗೆಯ ಕೊನೆಗೆ ರಾದ್ವಾಳ ಸಾಮಾನಿನ ಲಾರಿ ಹೊರಟಾಗ ಎಲ್ಲ ಪೆಟ್ಟಿಗೆಗಳ ತುದಿಯಲ್ಲಿ, ಯಾವ ಮುಸುಕೂ ಇಲ್ಲದೆ, ನೀಲಿ ಮಣಿಗಳನ್ನು ಗಾಳಿಗೆ ಆಡಿಸುತ್ತ ಟ್ರೆಡ್‌ಮಿಲ್ ಕೂತಿತ್ತು. ಬೀದಿಯ ಜನವೆಲ್ಲ ಬಾಲ್ಕನಿಗೆ ಬಂದು ನೋಡಿತು. ಇನ್ಸಾಫರಿಗೆ ಈಗ ಯಾರ ಕಣ್ಣಿನ ಭಯವೂ ಇರಲಿಲ್ಲ, ಬೀಳಬೇಕಾದ ಕಣ್ಣು ಬಿದ್ದಾಗಿತ್ತು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಫಿಕ್ರಿಯವರು ಕೈ ಬೀಸುತ್ತ ನಿಂತಿದ್ದರು. ಮಗಳಿಗೋ ಯಂತ್ರಕ್ಕೋ ಎಂದು ಸಾಬೆರ್ ಕೇಳಿದ. ಅವರು ಖಾಲಿ ತಿರುವಿನ ಕಡೆ ಇನ್ನೊಂದು ಸಲ ಕೈ ಬೀಸಿದರು.

ಮಗಳು ಅಳಿಯ ಹೂಡಿದ ಮನೆ ಅದೇ ಕಡಲ ದಂಡೆಯ ಆಚೆ ತುದಿಯಲ್ಲಿ. ಅಪ್ಪಾ, ಯಂತ್ರ ನಿನ್ನದೇ, ದಿನಾ ಬಂದು ಓಡಬೇಕು ಎಂದು ರಾದ್ವಾ ಆಣೆ ಹಾಕಿಸಿಕೊಂಡಿದ್ದಳು. ಫಿಕ್ರಿಯವರು ಆಜ್ಞಾಧಾರಕರು. ದಿನಾ ಸಂಜೆ ಕೆಲಸ ಮುಗಿಸಿ ನಡೆದು ಹೊರಡುತ್ತಾರೆ. ದಂಡೆಯ ಮೇಲೆ ಕೂತವರು ಜೋಳ, ಚಹಾ ಎಂದು ಕೂಗುತ್ತಾರೆ. ಮಗಳು ಕಾಯುತ್ತಿರುತ್ತಾಳೆ, ವ್ಯಾಯಾಮಕ್ಕೆ ಹೊತ್ತಾಯಿತು ಎಂದು ಇವರು ಎದೆಯ ಮೇಲೆ ಕೈಯಿಟ್ಟು ಮುಂದೆ ನಡೆಯುತ್ತಾರೆ. ಮಗಳ ಹೆಸರು ಹೇಳಿದ ಮೇಲೆ ಯಾರೂ ತಡೆಯುವುದಿಲ್ಲ. ಅಲ್ಲಿ ಯಂತ್ರದ ಒಂದು ಕಂಬಿಯ ಮೇಲೆ ಹಾತೆಮನ ಅಂಗಿಗಳು, ಇನ್ನೊಂದರ ಮೇಲೆ ಹಾಸಿಗೆ ಬಟ್ಟೆಗಳು ಒಣಗುತ್ತಿರುತ್ತ‌ವೆ. ಬಟ್ಟೆ ತೆಗೆಯುತ್ತೇನೆ ಇರಪ್ಪಾ ಎಂದು ರಾದ್ವಾ ಏಳುತ್ತಾಳೆ. ಒಣಗಲಿ ಬಿಡಮ್ಮ, ನಾಳೆ ಓಡಿದರಾಯಿತು ಎಂದು ಫಿಕ್ರಿಯವರು ಅವಳ ಎದುರಿಗೆ ಕೂತು, ಸಕ್ಕರೆಯಿಲ್ಲದ ಚಹಾ ಕುಡಿಯುತ್ತ ನಿಲ್ದಾಣದ ಸುದ್ದಿ ಹೇಳುತ್ತಾರೆ. ಆಮೇಲೆ ಬಂದ ದಾರಿಯಲ್ಲೇ ನಡೆದು ವಾಪಸಾಗುತ್ತಾರೆ.

ಚಳಿಗಾಲದಲ್ಲಿ ಡಾಕ್ಟರು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ನೋಡಿ ಬೆರಗಾದರು. ಕೊಬ್ಬು ಇಳಿದಿತ್ತು, ಬೆಲ್ಟು ಮೂರು ತೂತು ಹಿಂದಕ್ಕೆ ಬಂದಿತ್ತು. ಇದು ಹೇಗಾಯಿತು ಉಸ್ತಾದ್ ಎಂದು ಕೇಳಿದಾಗ ಫಿಕ್ರಿಯವರು ವಿನಯದಿಂದ ಟ್ರೆಡ್‌ಮಿಲ್ ತೆಗೆದುಕೊಂಡ ಸಂಗತಿ ತಿಳಿಸಿದರು. ಡಾಕ್ಟರು ತಮಗೂ ಒಂದು ಬೇಕಾಗಿದೆ, ನಡೆಯುವುದು ತೆಗೆದುಕೊಳ್ಳಲೋ ಓಡುವುದೋ ಎಂದು ವಿಚಾರಿಸಿದರು. ಫಿಕ್ರಿಯವರು ಕಿಟಕಿಯ ಹಿಂದೆ ಕೂತವರ ಗಾಂಭೀರ್ಯದಿಂದ ಸ್ವಲ್ಪ ಮುಂದೆ ಬಾಗಿದರು.

‘ಓಡೋದೇ ತಗೊಳ್ಳಿ ಡಾಕ್ಟ್ರೇ. ನಡೆಯೋದ್ರಿಂದ ಏನೂ ಪ್ರಯೋಜನ ಇಲ್ಲ.’